ನಾಲ್ಕು ಧ್ವನಿಮುದ್ರಣಗಳು, ಒಂದು ಸಣ್ಣ ಆಡಿಯೋ ಸಂಸ್ಥೆ: ಮೊದಲು ಯಾವುದು?

ಪ್ರಶ್ನೆ: ಧಾರವಾಡದಲ್ಲಿರುವ ನಾವು ಮೂವರು ಗೆಳೆಯರು ಕೂಡಿ ಸಣ್ಣದೊಂದು ಸ್ವತಂತ್ರ ಆಡಿಯೋ ಸಂಸ್ಥೆಯನ್ನು ಆರಂಭಿಸುತ್ತಿದ್ದೇವೆ. ಹಳ್ಳಿಯ ಭಜನಾ ಮೇಳವೊಂದು ಹಾಡಿದ ಶಿಶುನಾಳ ಷರೀಫರ ತತ್ವಪದಗಳು, ಬೇಂದ್ರೆಯವರ ಕವಿತೆಗಳಿಗೆ ನಮ್ಮಲ್ಲೊಬ್ಬರು ಮಾಡಿದ ಹೊಸ ರಾಗಸಂಯೋಜನೆ, 1988ರಲ್ಲಿ ಬಂದು ಈಗ ಎಲ್ಲಿಯೂ ಸಿಗದ ರಂಗಗೀತೆಗಳ ಕ್ಯಾಸೆಟ್ಟಿನ ಮರುಬಿಡುಗಡೆ, ಹುಬ್ಬಳ್ಳಿಯ ಯುವಕರ ತಂಡವೊಂದರ ಐದು ಸ್ವಂತ ಹಾಡುಗಳು: ಹೀಗೆ ನಾಲ್ಕು ಯೋಜನೆಗಳು ನಮ್ಮ ಮುಂದಿವೆ. ನವೆಂಬರ್ 1ರಂದು ಉದ್ಘಾಟನೆಯನ್ನಿಟ್ಟುಕೊಂಡು ಅಂದೇ ನಾಲ್ಕರ ಬಿಡುಗಡೆಯ ದಿನಾಂಕಗಳನ್ನೂ ಪ್ರಕಟಿಸಬೇಕೆಂದಿದ್ದೇವೆ. ಯಾವುದನ್ನು ಮೊದಲು ತರಬೇಕು? ಎಲ್‌.ಪಿ. ತಟ್ಟೆ ಮಾಡಿಸಬಹುದೇ? ಸಂಸ್ಥೆಯ ಹೆಸರನ್ನು ನೋಂದಾಯಿಸಬೇಕೇ?

ಉತ್ತರ: ಉದ್ಘಾಟನೆಯನ್ನು ಅಗತ್ಯವಾಗಿ ಮಾಡಿ, ಆದರೆ ನಾಲ್ಕರ ದಿನಾಂಕಗಳನ್ನು ದಯವಿಟ್ಟು ಪ್ರಕಟಿಸಬೇಡಿ. ಸಹಿಯಾದ ಕರಾರುಪತ್ರ ಮತ್ತು ಅಂತಿಮ ಮಾಸ್ಟರ್ (ಬಿಡುಗಡೆಗೆ ಸಿದ್ಧವಾದ ಮೂಲ ಧ್ವನಿಮುದ್ರಣ), ಇವೆರಡೂ ಕಪಾಟಿನಲ್ಲಿ ಬಂದು ಕುಳಿತ ಕೃತಿಯ ಹೆಸರನ್ನು ಮಾತ್ರ ಹೊರಗೆ ಹೇಳಬೇಕು ಎಂಬ ನಿಯಮವನ್ನು ನೀವು ಮೂವರೂ ಈಗಲೇ ಮಾಡಿಕೊಂಡರೆ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ. ನಾಲ್ಕರಲ್ಲಿ ಯಾವುದು ಶ್ರೇಷ್ಠವೋ ಅದು ಮೊದಲು ಬರುವುದಿಲ್ಲ. ಯಾವುದರ ಕಾಗದಪತ್ರ ಮೊದಲು ಪೂರ್ಣವಾಗುತ್ತದೋ ಅದು ಬರುತ್ತದೆ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕ್ಯಾಸೆಟ್ಟುಗಳ ಕಾಲದಲ್ಲಿ ನಾನು ದುಡಿಯುತ್ತಿದ್ದ ಸಣ್ಣ ಸಂಸ್ಥೆಯೊಂದು ದಸರೆಯ ಹೊತ್ತಿಗೆ ‘ಶೀಘ್ರದಲ್ಲಿ ಬರಲಿವೆ’ ಎಂದು ಆರು ಧ್ವನಿಸುರುಳಿಗಳ ಕರಪತ್ರವನ್ನು ಅಚ್ಚು ಹಾಕಿಸಿ ಅಂಗಡಿಗಳಿಗೆ ಹಂಚಿತು. ಬಂದದ್ದು ಎರಡೇ. ಒಂದಕ್ಕೆ ಕವಿಯ ಮನೆಯವರ ಒಪ್ಪಿಗೆ ಸಿಗಲಿಲ್ಲ, ಇನ್ನೊಂದಕ್ಕೆ ಗಾಯಕರು ಬೇರೊಬ್ಬರಿಗೆ ಮಾತು ಕೊಟ್ಟಿದ್ದರು, ಉಳಿದೆರಡಕ್ಕೆ ಹಣವೇ ಸಾಲಲಿಲ್ಲ. ಆಗಲೇ ಅಚ್ಚಾಗಿ ಬಂದಿದ್ದ, ಕ್ಯಾಸೆಟ್ಟಿನ ಡಬ್ಬಿಯೊಳಗೆ ಇಡುವ ಐನೂರು ಇನ್‌ಲೇ ಕಾರ್ಡುಗಳ ಖಾಲಿ ಬೆನ್ನಿನ ಮೇಲೆ ನಮ್ಮ ಮನೆಯಲ್ಲಿ ಬಹುಕಾಲ ಕಿರಾಣಿ ಚೀಟಿ ಬರೆದದ್ದುಂಟು. ನಷ್ಟ ಅಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಮುಂದಿನ ವರ್ಷ ನಿಜವಾಗಿಯೂ ಸಿದ್ಧವಿದ್ದ ಕ್ಯಾಸೆಟ್ಟನ್ನು ಹಿಡಿದುಕೊಂಡು ಹೋದಾಗ ಅಂಗಡಿಯವರು, ‘ಬರಲಿ ಬಿಡಿ ಸ್ವಾಮಿ, ಬಂದಮೇಲೆ ನೋಡೋಣ’ ಎಂದು ನಕ್ಕರು.

ಈಗ ನಿಮ್ಮ ನಾಲ್ಕು ಯೋಜನೆಗಳನ್ನು ಒಂದೊಂದಾಗಿ ನೋಡೋಣ. ಧ್ವನಿಮುದ್ರಿತ ಹಾಡೊಂದರಲ್ಲಿ ಒಂದೇ ಹಕ್ಕು ಇರುವುದಿಲ್ಲ. ಸಾಹಿತ್ಯಕ್ಕೆ ಒಂದು, ರಾಗಸಂಯೋಜನೆಗೆ ಒಂದು, ಹಾಡಿದವರಿಗೂ ನುಡಿಸಿದವರಿಗೂ ಒಂದು, ಧ್ವನಿಮುದ್ರಣಕ್ಕೆ ಇನ್ನೊಂದು ಎಂದು ನಾಲ್ಕು ಪದರಗಳಿರುತ್ತವೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತ ಕೃತಿಗಳ ಹಕ್ಕು ಕರ್ತೃವಿನ ಜೀವಿತಾವಧಿ ಮುಗಿದು, ಮರಣದ ಮರುವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ, ಕಲಾವಿದರ ಹಕ್ಕು ಪ್ರದರ್ಶನ ನಡೆದ ಮರುವರ್ಷದಿಂದ 50 ವರ್ಷ. (ಸಾಹಿತ್ಯದ ಅವಧಿ ಮೊದಲು 50 ವರ್ಷವೇ ಇತ್ತು, 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯಲಿದ್ದ ಸಂದರ್ಭದಲ್ಲಿ ಅದನ್ನು 60ಕ್ಕೆ ಏರಿಸಿದರು.)

ತತ್ವಪದಗಳ ಸಾಹಿತ್ಯಕ್ಕೆ ತೊಡಕಿಲ್ಲ. ಷರೀಫರ ಕಾಲ 1819ರಿಂದ 1889. ಆ ಪದಗಳು ಎಲ್ಲರವು. ತೊಡಕಿರುವುದು ಧಾಟಿಯಲ್ಲಿ. ಇಂದು ಕನ್ನಡಿಗರ ಕಿವಿಯಲ್ಲಿರುವ ಷರೀಫರ ಅನೇಕ ಪದಗಳ ಧಾಟಿ ಸಿ. ಅಶ್ವತ್ಥ್ ಅವರ ಸಂಯೋಜನೆ. ಅವರು 2009ರ ಡಿಸೆಂಬರಿನಲ್ಲಿ ತೀರಿಕೊಂಡದ್ದರಿಂದ ಅವರು ಮಾಡಿದ ಸಂಯೋಜನೆಗಳ ಹಕ್ಕು 2069ರ ಕೊನೆಯವರೆಗೂ ಉಳಿಯುತ್ತದೆ. ಹಳ್ಳಿಯ ಮೇಳ ಹಾಡಿದ್ದೆಲ್ಲ ಹಳ್ಳಿಯ ಧಾಟಿಯೇ ಎಂದು ನಂಬಿ ಕೂರಬೇಡಿ. ಈಗಿನ ಭಜನಾ ಮಂಡಳಿಗಳು ಕ್ಯಾಸೆಟ್ಟು ಕೇಳಿಯೇ ಬೆಳೆದವು. ಅಜ್ಜನಿಂದ ಬಂದದ್ದು ಯಾವುದು, ಟೇಪ್‌ರೆಕಾರ್ಡರಿನಿಂದ ಬಂದದ್ದು ಯಾವುದು ಎಂಬುದು ಹಾಡುವವರಿಗೇ ಮರೆತಿರುತ್ತದೆ. ಮೇಳದ ಹಿರಿಯರನ್ನು ಕೂರಿಸಿಕೊಂಡು ಪ್ರತಿಯೊಂದು ಪದವನ್ನೂ ಯಾರಿಂದ ಕಲಿತಿರಿ ಎಂದು ಕೇಳಿ, ಅವರ ಉತ್ತರವನ್ನು ದಿನಾಂಕದೊಂದಿಗೆ ಧ್ವನಿಮುದ್ರಿಸಿಟ್ಟುಕೊಳ್ಳಿ. ಅನುಮಾನವಿರುವ ಪದವನ್ನು ಕೈಬಿಡಿ. ಅದರ ಬದಲು ಆ ಊರಿನಲ್ಲಿ ಮಾತ್ರ ಉಳಿದಿರುವ ಧಾಟಿಯ ಪದವೊಂದನ್ನು ಸೇರಿಸಿದರೆ ನಿಮ್ಮ ಸಂಗ್ರಹದ ಬೆಲೆಯೇ ಹೆಚ್ಚುತ್ತದೆ. ಜನಪ್ರಿಯ ಧಾಟಿಯನ್ನು ಹಾಡಿಸಲು ನೂರು ಮಂದಿ ಇದ್ದಾರೆ.

ಒಪ್ಪಿಗೆಪತ್ರವನ್ನು ಮುಖ್ಯ ಗಾಯಕರೊಬ್ಬರಿಂದ ಮಾತ್ರ ಪಡೆಯುವ ಚಾಳಿ ನಮ್ಮಲ್ಲಿ ಹಳೆಯದು. ಏಕತಾರಿ ಹಿಡಿದವರು, ದಮ್ಮಡಿ ಬಾರಿಸಿದವರು, ಪೇಟಿ ನುಡಿಸಿದವರು, ಹಿಂದೆ ಕುಳಿತು ಸೊಲ್ಲು ಎತ್ತಿದವರು ಎಲ್ಲರೂ ಕಾಯ್ದೆಯ ದೃಷ್ಟಿಯಲ್ಲಿ ಕಲಾವಿದರೇ. ಪತ್ರವನ್ನು ಕನ್ನಡದಲ್ಲಿಯೇ ಬರೆಯಿರಿ, ಅವರ ಮುಂದೆ ಗಟ್ಟಿಯಾಗಿ ಓದಿ ಹೇಳಿ, ನಂತರ ಸಹಿ ಪಡೆಯಿರಿ. ಬಂದ ಹಣ ಮೇಳಕ್ಕೆ ಒಟ್ಟಾಗಿ ಹೋಗಬೇಕೇ, ತಲೆಗೆ ಇಷ್ಟೆಂದು ಹಂಚಬೇಕೇ ಎಂಬುದನ್ನು ಅವರೇ ತೀರ್ಮಾನಿಸಲಿ. ಆದರೆ ಆ ತೀರ್ಮಾನ ಕಾಗದದ ಮೇಲಿರಲಿ.

ಬೇಂದ್ರೆಯವರ ಕವಿತೆಗಳ ವಿಷಯ ಹಾಗಲ್ಲ. ಅವರು ತೀರಿಕೊಂಡದ್ದು 1981ರಲ್ಲಿ. ಹಕ್ಕು 2041ರ ಡಿಸೆಂಬರ್ 31ರವರೆಗೂ ಉತ್ತರಾಧಿಕಾರಿಗಳದ್ದು. ಸಭೆಯಲ್ಲಿ ಹಾಡಲು ಹಿಂದೆಂದೋ ಯಾರೋ ಬಾಯಿಮಾತಿನಲ್ಲಿ ಹೂಂ ಎಂದಿದ್ದರೆ ಅದು ಧ್ವನಿಮುದ್ರಿಸಿ ಮಾರಲು ಕೊಟ್ಟ ಅನುಮತಿಯಾಗುವುದಿಲ್ಲ. ಈ ಕವಿತೆಗಳನ್ನು ಬೇರೆಯವರು ಈಗಾಗಲೇ ಹಾಡಿದ್ದಾರಲ್ಲ, ಕಾಯ್ದೆಯಲ್ಲಿ ಕವರ್ ಆವೃತ್ತಿಗೆ, ಅಂದರೆ ಒಮ್ಮೆ ಬಂದ ಹಾಡನ್ನು ಹೊಸದಾಗಿ ಹಾಡಿ ಮುದ್ರಿಸಲು, ಅವಕಾಶವಿದೆಯಲ್ಲ ಎಂದು ನಿಮಗೆ ಯಾರಾದರೂ ಹೇಳಬಹುದು. ಅವಕಾಶವಿರುವುದು ನಿಜ, ಆದರೆ ಆ 31ಸಿ ಕಲಮಿನ ಪ್ರಕಾರ ಮೊದಲ ಧ್ವನಿಮುದ್ರಣದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಕೃತಿಯಲ್ಲಿ ಬದಲಾವಣೆ ಮಾಡಬಾರದು, ಪ್ರತಿಗಳನ್ನು ಮಾಡುವ ಪ್ರತಿ ವರ್ಷಕ್ಕೂ ಪ್ರತಿ ಕೃತಿಗೂ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನವನ್ನು ಮುಂಗಡವಾಗಿ ಕೊಡಬೇಕು. ಐನೂರು ಪ್ರತಿ ಮಾರಲು ಹೊರಟ ಸಂಸ್ಥೆಗೆ ಇದು ದಾರಿಯಲ್ಲ. ಹಕ್ಕುದಾರರ ಮನೆಯ ಬಾಗಿಲು ತಟ್ಟುವುದೇ ದಾರಿ.

ಹೋಗುವಾಗ ‘ಅನುಮತಿ ಕೊಡಿ’ ಎಂಬ ಎರಡು ಸಾಲಿನ ಅರ್ಜಿಯನ್ನು ಒಯ್ಯಬೇಡಿ. ಯಾವ ಕವಿತೆ, ಯಾವ ಸಂಕಲನದ್ದು, ಯಾವ ಸಾಲುಗಳನ್ನು ಬಿಟ್ಟಿದ್ದೀರಿ, ಯಾವ ಮಾಧ್ಯಮದಲ್ಲಿ, ಎಷ್ಟು ವರ್ಷಕ್ಕೆ, ಯಾವ ದೇಶಗಳಲ್ಲಿ, ಎಷ್ಟು ಪಾಲು ಎಂಬುದನ್ನೆಲ್ಲ ಬರೆದು, ಜೊತೆಗೆ ಹಾಡಿನ ಕಚ್ಚಾ ಮುದ್ರಣವನ್ನೂ ಕೇಳಿಸಿ. ಅವಧಿಯನ್ನು ಬರೆಯದಿದ್ದರೆ ಹಕ್ಕಿನ ವರ್ಗಾವಣೆ ಐದೇ ವರ್ಷಕ್ಕೆ ಎಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ತಿಳಿಯುತ್ತದೆ. ನಿಮ್ಮ ಕೇಳುಗರಲ್ಲಿ ಒಂದು ಪಾಲು ಅಮೆರಿಕದಲ್ಲಿಯೂ ಕೊಲ್ಲಿ ದೇಶಗಳಲ್ಲಿಯೂ ಇರುವಾಗ, ಪ್ರದೇಶದ ಒಂದು ಸಾಲನ್ನು ಬಿಟ್ಟದ್ದರಿಂದ ತೊಂದರೆಗೆ ಸಿಕ್ಕಿದವರನ್ನು ನಾನು ಬಲ್ಲೆ. ಇನ್ನೊಂದು ಮಾತು: 2012ರ ತಿದ್ದುಪಡಿಯ ನಂತರ ಕವಿಯೂ ಸಂಯೋಜಕರೂ ತಮಗೆ ಬರಬೇಕಾದ ರಾಯಧನದ ಹಕ್ಕನ್ನು ಆಡಿಯೋ ಸಂಸ್ಥೆಗೆ ಪೂರ್ತಿಯಾಗಿ ಬಿಟ್ಟುಕೊಡಲು ಬರುವುದಿಲ್ಲ, ಬಿಟ್ಟುಕೊಟ್ಟೆ ಎಂದು ಬರೆದರೂ ಅದು ನಿಲ್ಲುವುದಿಲ್ಲ. ಆದ್ದರಿಂದ ಒಂದೇ ಕಂತಿನಲ್ಲಿ ಎಲ್ಲವನ್ನೂ ಕೊಂಡುಕೊಳ್ಳುವ ಹಳೆಯ ಕರಾರಿನ ನಮೂನೆ ಎಲ್ಲಾದರೂ ಸಿಕ್ಕಿದರೆ ಅದನ್ನು ನಕಲು ಮಾಡಬೇಡಿ. ಸಂಯೋಜಕರು ನಿಮ್ಮ ಗೆಳೆಯರೇ ಆಗಿದ್ದರೂ ಅವರ ಜೊತೆಗೂ ಪತ್ರವಿರಲಿ. ಗೆಳೆತನ ಕೆಟ್ಟಮೇಲೆ ಪತ್ರ ಬರೆಸಿಕೊಳ್ಳಲು ಆಗುವುದಿಲ್ಲ.

ಇದಕ್ಕೆ ಆರು ತಿಂಗಳಾದರೂ ಬೇಕು, ಒಮ್ಮೊಮ್ಮೆ ಅದಕ್ಕೂ ಹೆಚ್ಚು. ಆ ನಡುವೆ ನಿಮ್ಮ ಸಂಯೋಜಕರಿಗೆ ಕೈ ಕಡಿಯುತ್ತಿದ್ದರೆ 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರನ್ನೂ, 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳನ್ನೂ ಓದಲು ಹೇಳಿ. ಅವರು ಬದುಕಿದ್ದಾಗಲೇ ಪ್ರಕಟವಾದ ಕವಿತೆಗಳಿಗೆ ಈಗ ಯಾರ ಅನುಮತಿಯೂ ಬೇಕಿಲ್ಲ. ಪೈಗಳವು ಮುಕ್ತವಾದದ್ದು 2024ರ ಜನವರಿ 1ರಂದು. ನಮ್ಮ ಸುಗಮ ಸಂಗೀತದವರು ಹತ್ತಾರು ಕವಿತೆಗಳ ಸುತ್ತಲೇ ಸುತ್ತುತ್ತಿದ್ದಾರೆ ಎಂಬುದು ನನ್ನ ಬಹುಕಾಲದ ತಕರಾರು.

ಮೂರನೆಯದು, ಹಳೆಯ ಕ್ಯಾಸೆಟ್ಟು. ಕೇಳಲು ಎಲ್ಲಕ್ಕಿಂತ ಸುಲಭವೆನಿಸುವ ಈ ಯೋಜನೆಯೇ ನಾಲ್ಕರಲ್ಲಿ ಅತ್ಯಂತ ಕಷ್ಟದ್ದು. 1988ರ ಧ್ವನಿಮುದ್ರಣದ ಹಕ್ಕು 2048ರ ಕೊನೆಯವರೆಗೆ ಇದೆ. ಕಂಪನಿ ಬಾಗಿಲು ಹಾಕಿತು ಎಂದ ಮಾತ್ರಕ್ಕೆ ಹಕ್ಕು ಗಾಳಿಗೆ ಹೋಗುವುದಿಲ್ಲ. ಅದು ಮಾಲೀಕರಿಗೋ ಪಾಲುದಾರರಿಗೋ ಅವರ ಮಕ್ಕಳಿಗೋ ಸೇರಿರುತ್ತದೆ, ಅಥವಾ ದೊಡ್ಡ ಸಂಸ್ಥೆಯೊಂದು ಅದನ್ನು ಎಂದೋ ಕೊಂಡಿರುತ್ತದೆ. ಹಾಡಿದ ಕಲಾವಿದರು ಸಂತೋಷದಿಂದ ಒಪ್ಪಿದರೂ ಸಾಲದು, ಏಕೆಂದರೆ ಧ್ವನಿಮುದ್ರಣದ ಕರ್ತೃ ಎಂದು ಕಾಯ್ದೆ ಗುರುತಿಸುವುದು ಅದನ್ನು ಮಾಡಿಸಿದ ನಿರ್ಮಾಪಕರನ್ನು. ಇನ್‌ಲೇ ಕಾರ್ಡಿನ ಕೆಳಗಿನ ಸಣ್ಣಕ್ಷರಗಳಲ್ಲಿರುವ ವಿಳಾಸದಿಂದ ಹುಡುಕಾಟವನ್ನು ಆರಂಭಿಸಿ. ರಂಗಗೀತೆಗಳಾದ್ದರಿಂದ ನಾಟಕಕಾರರು ಯಾರು, ಯಾವ ವರ್ಷ ತೀರಿಕೊಂಡರು ಎಂಬುದನ್ನೂ ಹಾಡುಹಾಡಿಗೂ ನೋಡಬೇಕು.

ಆದರೂ ಒಂದು ಕೆಲಸವನ್ನು ಈಗಲೇ ಮಾಡಿ: ನಿಮ್ಮಲ್ಲಿರುವ ಕ್ಯಾಸೆಟ್ಟನ್ನು ಸಂರಕ್ಷಣೆಗಾಗಿ ಒಮ್ಮೆ ಚೆನ್ನಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಏಕೆಂದರೆ ಟೇಪು ಯಾರಿಗೂ ಕಾಯುವುದಿಲ್ಲ. ಮೊದಲು ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಆಮೇಲೆ ಕ್ಯಾಸೆಟ್ಟನ್ನು ಹಾಕಿ, ಹೆಡ್ಡಿನ ಪಕ್ಕದಲ್ಲಿರುವ ಸಣ್ಣ ತಿರುಪನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತ ಕೇಳಿ. ಕಂಬಳಿ ಹೊದ್ದು ಹಾಡಿದಂತಿದ್ದ ದನಿ ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ತೆರೆದುಕೊಂಡು, ತಾಳದ ಕಿಣಿಕಿಣಿಯೂ ‘ಸ’ಕಾರದ ಸೀಳೂ ಸ್ಪಷ್ಟವಾಗುತ್ತವೆ. ಮೂಲದಲ್ಲಿ ಮುದ್ರಿಸಿದ ಹೆಡ್ಡಿನ ಕೋನಕ್ಕೂ ನಿಮ್ಮ ಹೆಡ್ಡಿನ ಕೋನಕ್ಕೂ ತಾಳೆಯಾದ ಜಾಗ ಅದು. ಎರಡೂ ಮಗ್ಗುಲಿಗೆ ಇದನ್ನು ಬೇರೆಬೇರೆಯಾಗಿಯೇ ಮಾಡಬೇಕು. ಈ ಒಂದು ನಿಮಿಷದ ಕೆಲಸವನ್ನು ಬಿಟ್ಟು, ನಂತರ ಸಾಫ್ಟ್‌ವೇರಿನಲ್ಲಿ ದನಿಯನ್ನು ಹೊಳಪುಗೊಳಿಸುತ್ತೇವೆ ಎನ್ನುವವರೇ ಹೆಚ್ಚು. ಟೇಪಿನಿಂದ ಹೊರಬರದ ದನಿಯನ್ನು ಯಾವ ಸಾಫ್ಟ್‌ವೇರೂ ಮರಳಿ ತರುವುದಿಲ್ಲ. ಬೆಲ್ಟು ಸಡಿಲವಾಗಿದ್ದರೆ ಶ್ರುತಿ ಇಳಿದಿರುತ್ತದೆ. ಗಾಯಕರು ಕಪ್ಪು ಎರಡರಲ್ಲಿ (ಪೇಟಿಯ ಎರಡನೆಯ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುತ್ತಿದ್ದರೆಂದು ಗೊತ್ತಿದ್ದರೆ ಪೇಟಿಯೊಂದಿಗೆ ಹೋಲಿಸಿ ನೋಡಿ. ಆದರೆ ಹಳೆಯ ಪೇಟಿಗಳ ಶ್ರುತಿಯೇ ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ನೆನಪಿರಲಿ. 24 ಬಿಟ್‌ನ ವೇವ್ ಕಡತವಾಗಿ, ಯಾವ ಶಬ್ದವನ್ನೂ ತೆಗೆಯದೆ, ಎರಡು ಬೇರೆಬೇರೆ ಡಿಸ್ಕುಗಳಲ್ಲಿ ಇಟ್ಟುಬಿಡಿ. ಹಕ್ಕುದಾರರು ಸಿಕ್ಕಿದ ದಿನ ಇದೇ ಕಡತವನ್ನು ಅವರಿಗೆ ಕೇಳಿಸಿದರೆ ಮಾತುಕತೆ ಬೇಗ ಕುದುರುತ್ತದೆ.

ನಾಲ್ಕನೆಯದಾದ ಹುಬ್ಬಳ್ಳಿಯ ತಂಡದ ಹಾಡುಗಳಿಗೆ ಬರೆದವರು, ಸಂಯೋಜಿಸಿದವರು, ಹಾಡಿದವರು, ನುಡಿಸಿದವರು ಎಲ್ಲರೂ ಬದುಕಿದ್ದಾರೆ, ಒಂದೇ ಕೋಣೆಯಲ್ಲಿ ಕೂರುತ್ತಾರೆ. ಆದ್ದರಿಂದ ಇದೇ ನಿಮ್ಮ ಮೊದಲ ಬಿಡುಗಡೆ. ಹಕ್ಕನ್ನು ನಿಮ್ಮ ಹೆಸರಿಗೆ ಪೂರ್ತಿ ಬರೆಸಿಕೊಳ್ಳುವ ಬದಲು ಐದು ಅಥವಾ ಏಳು ವರ್ಷದ ಪರವಾನಗಿಯನ್ನಷ್ಟೇ ಪಡೆಯುವುದು ಸಣ್ಣ ಸಂಸ್ಥೆಗೆ ಒಳ್ಳೆಯದೆಂದು ನನ್ನ ಅಭಿಪ್ರಾಯ. ನೀವು ಕೊಡಲಾಗದ ಪ್ರಚಾರದ ಬೆಲೆಗೆ ಜೀವಮಾನದ ಹಕ್ಕು ಕೇಳಿದರೆ ಮುಂದಿನ ತಂಡ ನಿಮ್ಮ ಬಳಿ ಬರುವುದಿಲ್ಲ. ಒಂದು ಎಚ್ಚರಿಕೆ: ಹಾಡಿನಲ್ಲಿ ಅಂತರಜಾಲದಿಂದ ತಂದ ಸಿದ್ಧ ತಬಲಾ ಲೂಪು, ಡ್ರಮ್ ಲೂಪುಗಳು (ಮತ್ತೆ ಮತ್ತೆ ಸುತ್ತುವ ತುಣುಕುಗಳು) ಇವೆಯೇ ಎಂದು ಕೇಳಿ. ಅದೇ ಲೂಪು ಸಾವಿರ ಮಂದಿಯ ಹಾಡಿನಲ್ಲಿರುವುದರಿಂದ, ಅಂಥ ಹಾಡನ್ನು, ವಿಡಿಯೋಗಳಲ್ಲಿರುವ ಹಾಡನ್ನು ತಾನಾಗಿ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆಗೆ ಕೊಟ್ಟರೆ ಬೇರೆಯವರ ವಿಡಿಯೋಗಳ ಮೇಲೆ ನಿಮ್ಮ ಹೆಸರಿನಲ್ಲಿ ಸುಳ್ಳು ಕ್ಲೈಮು (ಹಕ್ಕಿನ ದಾವೆ) ಏಳುತ್ತದೆ. ತತ್ವಪದಗಳಿಗೆ ಇದರ ತಿರುಗುಮುರುಗು ಆಗಬಹುದು; ನಿಮ್ಮ ಪದದ ಮೇಲೆ ಇನ್ನೊಬ್ಬರ ಕ್ಲೈಮು ಬಂದಾಗ, ಹಿರಿಯರಿಂದ ದಿನಾಂಕ ಸಹಿತ ಮುದ್ರಿಸಿಕೊಂಡ ಆ ಉತ್ತರಗಳೇ ನಿಮ್ಮ ಸಾಕ್ಷಿಯಾಗುತ್ತವೆ.

ಬಿಡುಗಡೆಯ ವೇಳಾಪಟ್ಟಿಯನ್ನು ಹಿಮ್ಮುಖವಾಗಿ ಎಣಿಸಿ. ಡಿಸ್ಟ್ರಿಬ್ಯೂಟರ್ (ಹಾಡನ್ನು ಆ್ಯಪ್‌ಗಳಿಗೆ ಒದಗಿಸುವ ಮಧ್ಯವರ್ತಿ ಸಂಸ್ಥೆ) ಮೂಲಕ ಹಾಡು ಸ್ಪಾಟಿಫೈ, ಜಿಯೋಸಾವನ್, ಆ್ಯಪಲ್ ಮ್ಯೂಸಿಕ್‌ಗಳಿಗೆ ತಲುಪಲು ನಾಲ್ಕು ವಾರ ಇಟ್ಟುಕೊಳ್ಳಿ. ಸ್ಪಾಟಿಫೈನ ಸಂಪಾದಕರಿಗೆ ಹಾಡನ್ನು ಮುಂಚಿತವಾಗಿ ಒಪ್ಪಿಸಬೇಕಾದರೆ ಕನಿಷ್ಠ ಏಳು ದಿನ ಮೊದಲೇ ಅದು ಅಲ್ಲಿರಬೇಕು. ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರ-ಅಂಕಿಗಳ ಗುರುತುಸಂಖ್ಯೆ ಬೇಕು. ಡಿಸ್ಟ್ರಿಬ್ಯೂಟರೇ ಅದನ್ನು ಕೊಡುತ್ತಾರೆ. ಆದರೆ ಮುಂದೆ ಡಿಸ್ಟ್ರಿಬ್ಯೂಟರನ್ನು ಬದಲಿಸಿದಾಗಲೂ ಅದೇ ಸಂಖ್ಯೆಯನ್ನು ಒಯ್ಯಬೇಕು, ಇಲ್ಲವಾದರೆ ಅಲ್ಲಿಯವರೆಗಿನ ಕೇಳುವಿಕೆಯ ಲೆಕ್ಕ ಸೊನ್ನೆಗೆ ಬೀಳುತ್ತದೆ. ಹೆಸರುಗಳ ಕಾಗುಣಿತವನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಷರೀಫ, ಶರೀಫ, ಷರೀಫಜ್ಜ, ಷರೀಫ ಸಾಹೇಬ ಎಂದು ಒಂದೊಂದು ಹಾಡಿಗೆ ಒಂದೊಂದು ಬಗೆಯಲ್ಲಿ ತುಂಬಿದರೆ, ಯಂತ್ರದ ಲೆಕ್ಕದಲ್ಲಿ ಅವರು ನಾಲ್ವರು ಬೇರೆ ಕವಿಗಳಾಗಿಬಿಡುತ್ತಾರೆ. ಹಾಡಿದ ಮೇಳದ ಹೆಸರಿಗೂ ಇದೇ ಮಾತು. ಭಾಷೆಯ ಕಲಮಿನಲ್ಲಿ ಕನ್ನಡ ಎಂದು ಆರಿಸಲು ಮರೆಯುವವರೂ ಇದ್ದಾರೆ.

2015ರ ಜುಲೈ 10ರಿಂದ ಜಗತ್ತಿನಾದ್ಯಂತ ಹೊಸ ಸಂಗೀತ ಶುಕ್ರವಾರ ಬರುತ್ತದೆ. ತಂಡದ ಹಾಡುಗಳಿಗೆ ಆ ಪದ್ಧತಿಯನ್ನು ಅನುಸರಿಸಿ. ಐದನ್ನೂ ಒಂದೇ ದಿನ ಸುರಿಯದೆ, ಆರು ವಾರಗಳ ಅಂತರದಲ್ಲಿ ಎರಡು ಬಿಡಿ ಹಾಡುಗಳನ್ನು ತಂದು, ಆಮೇಲೆ ಐದನ್ನೂ ಸೇರಿಸಿ ಆಲ್ಬಂ ಕೊಡಿ. ತತ್ವಪದಗಳಿಗೆ ಮಾತ್ರ ಪಂಚಾಂಗವನ್ನು ನೋಡಿ: ಶ್ರಾವಣದಲ್ಲಿ ಊರೂರಿನ ಗುಡಿಗಳಲ್ಲಿ ಭಜನೆ ನಡೆಯುವಾಗ ಆ ಪದಗಳಿಗೆ ಕಿವಿಗಳು ತಾವಾಗಿಯೇ ಇರುತ್ತವೆ. ರಾಜ್ಯೋತ್ಸವದ ದಿನ ಎಲ್ಲ ಸಂಸ್ಥೆಗಳೂ ಕನ್ನಡದ ಹಾಡು ಬಿಡುವುದರಿಂದ ನಿಮ್ಮದು ಆ ಗದ್ದಲದಲ್ಲಿ ಮುಳುಗುವ ಸಂಭವವೇ ಹೆಚ್ಚು. ಉದ್ಘಾಟನೆಯಂದು ತಂಡದಿಂದ ಎರಡು ಹಾಡು, ಮೇಳದಿಂದ ಎರಡು ಪದ ಹಾಡಿಸಿ ಕಳಿಸಿಕೊಡಿ. ಮೊದಲ ಹಾಡಿನ ದಿನಾಂಕ ಒಂದನ್ನೇ ಹೇಳಿ, ಅದೂ ಮಾಸ್ಟರ್ ಕೈಗೆ ಬಂದಿದ್ದರೆ. ಮೊದಲ ವರ್ಷಕ್ಕೆ ಎರಡು ಬಿಡುಗಡೆ ಸಾಕು, ಮೂರಾದರೆ ಸಂತೋಷ.

ಹಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಪಾಟಿಫೈ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಬಾರಿ ಕೇಳಿಸಿಕೊಳ್ಳದ ಹಾಡಿಗೆ ಹಣವನ್ನೇ ಕೊಡುವುದಿಲ್ಲ. ಕೇಳುವಿಕೆಯಿಂದ ಬರುವ ಆದಾಯವನ್ನು ನಂಬಿ ಸ್ಟುಡಿಯೋ ಬಾಡಿಗೆ ಕಟ್ಟಬೇಡಿ. ಕನ್ನಡದಲ್ಲಿ ಸಣ್ಣ ಸಂಸ್ಥೆಗಳನ್ನು ಉಳಿಸಿರುವುದು ಕಾರ್ಯಕ್ರಮದ ಮೇಜಿನ ಮೇಲಿನ ಮಾರಾಟ, ಹಾಡಿನ ಸಾಹಿತ್ಯವಿರುವ ಪುಟ್ಟ ಪುಸ್ತಕ, ಕಾರಿನಲ್ಲಿ ಹಾಕಲು ಕೊಳ್ಳುವ ಪೆನ್‌ಡ್ರೈವು, ಒಮ್ಮೊಮ್ಮೆ ಕಾಲರ್ ಟ್ಯೂನು. ಕವಿ ಮತ್ತು ಸಂಯೋಜಕರು 1969ರಲ್ಲಿ ಸ್ಥಾಪಿತವಾದ ಐಪಿಆರ್‌ಎಸ್ ಸಂಘದ ಸದಸ್ಯರಾಗದಿದ್ದರೆ ಅವರನ್ನು ಸೇರಿಸಿ. ಅವರ ಪಾಲಿನ ಸಾರ್ವಜನಿಕ ಪ್ರಸಾರದ ಹಣ ಸಂಗ್ರಹವಾಗುವುದು ಅಲ್ಲಿ. ಪ್ರತಿ ಆರು ತಿಂಗಳಿಗೊಮ್ಮೆ ಎಲ್ಲ ಕಲಾವಿದರಿಗೂ ಲೆಕ್ಕದ ಹಾಳೆ ಕಳಿಸಿ. ಬಂದದ್ದು ನಲವತ್ತು ರೂಪಾಯಿಯಾದರೂ ಸರಿ, ಹಾಳೆ ಹೋಗಬೇಕು.

ಎಲ್‌.ಪಿ. ತಟ್ಟೆಯ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಮೊದಲ ವರ್ಷ ಬೇಡ. ಹನ್ನೆರಡು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ, ಹೆಚ್ಚು ತುಂಬಿದರೆ ಗೆರೆಗಳು ಒತ್ತೊತ್ತಾಗಿ ದನಿ ತೆಳುವಾಗುತ್ತದೆ. ಒಂಬತ್ತು ನಿಮಿಷ ಹಾಡುವ ಮೇಳದ ಪದಗಳು ಮಗ್ಗುಲಿಗೆ ಎರಡರಂತೆ ನಾಲ್ಕೇ ಬರುತ್ತವೆ. ಪದವನ್ನು ಕತ್ತರಿಸಿ ತಟ್ಟೆಗೆ ಹೊಂದಿಸುವುದನ್ನಂತೂ ನಾನು ಒಪ್ಪುವುದಿಲ್ಲ. ತಟ್ಟೆ ಒತ್ತುವವರು ನೂರಾರು ಪ್ರತಿಗಳ ಕನಿಷ್ಠ ಬೇಡಿಕೆ ಕೇಳುತ್ತಾರೆ, ಮುಂಗಡವನ್ನೂ ಕೇಳುತ್ತಾರೆ. ಶ್ರಾವಣದ ಬಿಡುಗಡೆಯ ನಂತರ ಮುಂಗಡ ಕೊಟ್ಟು ಕೊಳ್ಳುವವರ ಹೆಸರುಗಳು ನೂರಾದರೂ ನಿಮ್ಮ ಪುಸ್ತಕದಲ್ಲಿ ಕೂಡಿಬಂದರೆ ಆಗ ಯೋಚಿಸೋಣ. ಯಾವ ರೂಪದಲ್ಲಿ ತಂದರೂ ಹೊದಿಕೆಯ ಮೇಲೆ ಧ್ವನಿಮುದ್ರಿಸಿದವರ ಹೆಸರು ಮತ್ತು ವಿಳಾಸ, ಹಕ್ಕುದಾರರ ಹೆಸರು ಮತ್ತು ವಿಳಾಸ, ಮೊದಲು ಪ್ರಕಟವಾದ ವರ್ಷ ಇರಲೇಬೇಕೆಂದು ಕಾಯ್ದೆಯ 52ಎ ಕಲಮು ಹೇಳುತ್ತದೆ. ಹಳೆಯ ರಂಗಗೀತೆಗಳು ಎಂದಾದರೂ ಹೊರಬಂದಾಗ ಆ ವರ್ಷ 1988 ಎಂದೇ ಇರಲಿ.

ಇನ್ನು ಸಂಸ್ಥೆಯ ಹೆಸರು. ಹಕ್ಕುಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ; ಹಾಡು ಮುದ್ರಣವಾದ ಕ್ಷಣದಿಂದಲೇ ಹಕ್ಕು ಇರುತ್ತದೆ. ಹೆಸರಿನ ಟ್ರೇಡ್‌ಮಾರ್ಕ್ ಬೇರೆಯ ವಿಷಯ. ಕರಾರುಪತ್ರಗಳಲ್ಲಿ ಆ ಹೆಸರನ್ನು ಬರೆಯುವ ಮೊದಲೇ ಟ್ರೇಡ್‌ಮಾರ್ಕ್ ನೋಂದಣಿಯ ಜಾಲತಾಣದಲ್ಲಿ 9ನೆಯ ವರ್ಗದಲ್ಲಿಯೂ (ಧ್ವನಿಮುದ್ರಣಗಳು) 41ನೆಯ ವರ್ಗದಲ್ಲಿಯೂ (ಮನರಂಜನಾ ಕಾರ್ಯಕ್ರಮಗಳು) ಅದನ್ನು, ಅದರ ಹತ್ತಿರದ ಉಚ್ಚಾರಣೆಗಳನ್ನೂ ಹುಡುಕಿ ನೋಡಿ. ನಾದ, ಸ್ವರ, ಗಾನ, ಲಹರಿ ಎಂಬ ಪದಗಳಿಂದ ಆರಂಭವಾಗುವ ಹೆಸರಾದರೆ ಇಮ್ಮಡಿ ಎಚ್ಚರಿಕೆಯಿಂದ ನೋಡಿ. ಹೆಸರು ಖಾಲಿಯಿದ್ದರೆ ಮೊದಲು 9ನೆಯ ವರ್ಗಕ್ಕೆ ಅರ್ಜಿ ಹಾಕಿ, 41ನ್ನು ಕಾರ್ಯಕ್ರಮಗಳನ್ನು ನಡೆಸತೊಡಗಿದ ಮೇಲೆ ಹಾಕಿದರೂ ನಡೆಯುತ್ತದೆ.